ಅಮ್ಮನಿಗೆ 25 ಸಲ ಕರೆಂಟ್ ಕೊಡುತ್ತಿದ್ದಾರೆ. ಒಳ್ಳೆಯ ಜೀವಕೋಶಕ್ಕೂ ಅದೇ ಪೆಟ್ಟು ಬೀಳುತ್ತದೆ ಅಲ್ವಾ?

ಚಳ್ಳಕೆರೆ ಹುಡುಗಿ (ಮಂಗಳವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 58 ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್, 2ಬಿ ಹಂತ ಅಂದಿದ್ದಾರೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸುತ್ತಿದ್ದೇವೆ. ಒಟ್ಟು 25 ಸಲ, ಸೋಮವಾರದಿಂದ ಶುಕ್ರವಾರದವರೆಗೆ. ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯ ಡ್ರಿಪ್. ಅದೆಲ್ಲ ಮುಗಿದ ಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ ಇದೆಯಂತೆ. ಇವತ್ತಿಗೆ 11 ಮುಗಿದಿದೆ.

ಆಸ್ಪತ್ರೆ ಹತ್ತಿರವೇ ಒಂದು ರೂಮು ಮಾಡಿಕೊಂಡಿದ್ದೇವೆ. ಅಮ್ಮ ದಿನಾ ಒಂದೇ ಮಾತು ಕೇಳುತ್ತಾಳೆ. "ಐದು ನಿಮಿಷ ಮಲಗಿಸಿ ಎಬ್ಬಿಸ್ತಾರೆ. ನೋವಿಲ್ಲ, ಬಿಸಿಯಿಲ್ಲ. ಕೊಡೋದನ್ನೆಲ್ಲ ಒಂದೇ ಸಲ ಕೊಟ್ಟು ಕಳಿಸಬಾರದಾ? ಊರಲ್ಲಿ ಶೇಂಗಾ ಕೀಳೋ ಹೊತ್ತು." ನನ್ನ ಹತ್ತಿರ ಉತ್ತರ ಇಲ್ಲ. ಡಾಕ್ಟರನ್ನು ಕೇಳಿದೆ. ಕ್ಯಾನ್ಸರ್ ಕೋಶದ ಡಿಎನ್‌ಎ ತುಂಡಾಗುತ್ತದೆ, ಅದಕ್ಕೇ ಅದು ಸಾಯುತ್ತದೆ ಅಂದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಮುಂದೆ ಕೇಳೋಕೆ ಮನಸ್ಸು ಬರಲಿಲ್ಲ.

ಆದರೆ ಆ ಕಿರಣ ಹೋಗುವ ದಾರಿಯಲ್ಲಿ ಒಳ್ಳೆಯ ಕೋಶಗಳೂ ಇರುತ್ತವಲ್ಲ? ಅವುಗಳ ಡಿಎನ್‌ಎ ತುಂಡಾಗುವುದಿಲ್ಲವಾ? ಕಿರಣಕ್ಕೆ ಇದು ಕೆಟ್ಟದ್ದು, ಇದು ಒಳ್ಳೆಯದ್ದು ಅಂತ ಹೇಗೆ ಗೊತ್ತಾಗುತ್ತದೆ? ಕಳೆದ ವಾರದಿಂದ ಅಮ್ಮನಿಗೆ ಭೇದಿ ಶುರುವಾಗಿದೆ. ಒಳ್ಳೆಯದಕ್ಕೂ ಪೆಟ್ಟು ಬಿದ್ದಿದೆ ಅಂತಲೇ ನನಗೆ ಭಯ.

ಇನ್ನೊಂದು ವಿಷಯ. ನಡುವೆ ಎರಡು ದಿನ ಮೆಷಿನ್ ಕೆಟ್ಟು ಚಿಕಿತ್ಸೆ ಆಗಲಿಲ್ಲ. ಅದರಿಂದ ತೊಂದರೆ ಇದೆಯಾ? ನನ್ನ ಮಗಳಿಗೆ ಐದು ವರ್ಷ. ಅಜ್ಜಿ ಪಕ್ಕ ಮಲಗಿಸಬೇಡ, ಮೈಯಿಂದ ಕರೆಂಟ್ ಹೊಡೆಯುತ್ತದೆ ಅಂತ ನೆಂಟರು ಹೇಳುತ್ತಿದ್ದಾರೆ. ಅಮ್ಮನಿಗೆ ಅದು ತುಂಬಾ ನೋವಾಗಿದೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.


ಗುಳೇದಗುಡ್ಡದ ಖಣ (ಬುಧವಾರ ಬೆಳಿಗ್ಗೆ)

ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ, ಅದು ಕಾಯಬಾರದು. ಇವತ್ತೇ ಮಗಳನ್ನು ಅಜ್ಜಿ ಪಕ್ಕ ಮಲಗಿಸಿ. ಹೊರಗಿನಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತದಾ? ಹಾಗೆಯೇ ಇದು. ಮುಂದೆ ಬ್ರಾಕಿಥೆರಪಿಯಲ್ಲೂ ವಿಕಿರಣದ ಚೂರನ್ನು ಸ್ವಲ್ಪ ಹೊತ್ತು ಒಳಗೆ ಇಟ್ಟು ಮತ್ತೆ ಮೆಷಿನ್ನಿಗೆ ವಾಪಸ್ ಎಳೆದುಕೊಳ್ಳುತ್ತಾರೆ. ಮನೆಗೆ ಬರುವಾಗ ಅಮ್ಮನ ಮೈಯಲ್ಲಿ ಏನೂ ಇರುವುದಿಲ್ಲ.

ನಾನು ಡಾಕ್ಟರ್ ಅಲ್ಲ. ವಿಕಿರಣ ಬಿದ್ದ ಕೋಶದೊಳಗೆ ಏನು ನಡೆಯುತ್ತದೆ ಅನ್ನುವುದನ್ನೇ ಆರು ವರ್ಷ ಲ್ಯಾಬಿನಲ್ಲಿ ಕೂತು ನೋಡಿದವಳು. ಚಿಕಿತ್ಸೆಯ ಬಗ್ಗೆ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು. ಕೋಶದ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಕಿರಣಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ನಿಮ್ಮ ಅನುಮಾನ ಸರಿ. ಅದರ ದಾರಿಗೆ ಬಂದ ಎಲ್ಲ ಕೋಶಕ್ಕೂ ಪೆಟ್ಟು ಬೀಳುತ್ತದೆ. ವ್ಯತ್ಯಾಸ ಶುರುವಾಗುವುದು ಪೆಟ್ಟು ಬಿದ್ದ ಮೇಲೆ.

ಅಮ್ಮನಿಗೆ ಬಿಸಿ ಗೊತ್ತಾಗುವುದಿಲ್ಲ ಅಂದಿರಿ. ಗೊತ್ತಾಗುವಷ್ಟು ಬಿಸಿ ಅಲ್ಲಿ ಇಲ್ಲವೇ ಇಲ್ಲ. ದಿನಕ್ಕೆ ಸುಮಾರು 2 ಗ್ರೇ ಕೊಡುತ್ತಾರೆ. ಅಂದರೆ ಒಂದು ಕಿಲೋ ಮಾಂಸಕ್ಕೆ 2 ಜೂಲ್ ಶಕ್ತಿ. ಅದರಿಂದ ಮೈಯ ಆ ಭಾಗ ಒಂದು ಡಿಗ್ರಿಯ ಎರಡು ಸಾವಿರದಲ್ಲಿ ಒಂದು ಪಾಲು ಬಿಸಿಯಾಗಬಹುದು, ಅಷ್ಟೇ. ಒಂದು ಗುಟುಕು ಕಾಫಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಶಕ್ತಿ ಇದೆ. ಆದರೆ ಕಾಫಿಯ ಬಿಸಿ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಕಿರಣದ ಶಕ್ತಿ ಹಾಗಲ್ಲ, ಸೂಜಿ ಚುಚ್ಚಿದ ಹಾಗೆ ಅಲ್ಲಲ್ಲಿ ಒಂದೇ ಜಾಗಕ್ಕೆ ಇಳಿಯುತ್ತದೆ. ಡಿಎನ್‌ಎ ಅಂದರೆ ಕೋಶದ ಕೆಲಸವೆಲ್ಲ ಅಕ್ಷರ ಅಕ್ಷರವಾಗಿ ಬರೆದಿರುವ ಎರಡೆಳೆಯ ದಾರ. ಆ ಸೂಜಿ ಅದರ ಮೇಲೆ ಬಿದ್ದರೆ ತೊಂದರೆ.

ನೇರವಾಗಿ ಬೀಳುವುದೂ ಕಡಿಮೆಯೇ. ಕೋಶದಲ್ಲಿ ಬಹುಪಾಲು ನೀರು. ಕಿರಣ ಆ ನೀರನ್ನು ಒಡೆಯುತ್ತದೆ. ಆಗ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಒಂದು ಚೂರು ಹುಟ್ಟುತ್ತದೆ. ಅದರ ಆಯಸ್ಸು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು. ಅಷ್ಟರಲ್ಲೇ ಪಕ್ಕದಲ್ಲಿರುವ ಡಿಎನ್‌ಎಯನ್ನು ಕಚ್ಚಿಬಿಡುತ್ತದೆ. ಇಂಥ ಎಕ್ಸ್‌ರೇ ಕಿರಣದಿಂದ ಆಗುವ ಹಾನಿಯಲ್ಲಿ ಸುಮಾರು ಮೂರನೇ ಎರಡು ಪಾಲು ಹೀಗೆ ನೀರಿನ ಮೂಲಕವೇ ಆಗುವುದು.

ಎಷ್ಟು ಗಾಯ ಆಗುತ್ತದೆ? 1 ಗ್ರೇಗೆ ಒಂದೊಂದು ಕೋಶದಲ್ಲೂ ಸುಮಾರು ಸಾವಿರ ಕಡೆ ಡಿಎನ್‌ಎಯ ಒಂದು ಎಳೆ ಹರಿಯುತ್ತದೆ. 35–40 ಕಡೆ ಎರಡೂ ಎಳೆ ಒಟ್ಟಿಗೆ ಹರಿಯುತ್ತವೆ. ನಿಮ್ಮ ಅಮ್ಮನಿಗೆ ದಿನಕ್ಕೆ ಅದರ ಎರಡರಷ್ಟು ಅಂದುಕೊಳ್ಳಿ.

ನಮ್ಮ ಮನೆಯಲ್ಲಿ ಖಣ ನೇಯುತ್ತಿದ್ದರು. ಮಗ್ಗದ ಮೇಲೆ ಒಂದು ಎಳೆ ಹರಿದರೆ ಅವ್ವ ಮಾತಾಡುತ್ತಲೇ ಹೊಸೆದು ಸೇರಿಸುತ್ತಿದ್ದಳು. ಕೋಶಕ್ಕೂ ಒಂದು ಎಳೆ ಹರಿಯುವುದು ದಿನನಿತ್ಯದ ಕೆಲಸ. ಕಿರಣ ಇಲ್ಲದಿದ್ದರೂ ದಿನಕ್ಕೆ ಸಾವಿರಾರು ಸಲ ಹಾಗೆ ಆಗುತ್ತಲೇ ಇರುತ್ತದೆ. ಎದುರಿನ ಎಳೆ ನೋಡಿಕೊಂಡು ಸರಿಮಾಡಿಬಿಡುತ್ತದೆ. ಎರಡೂ ಎಳೆ ಒಂದೇ ಜಾಗದಲ್ಲಿ ಹರಿದರೆ ಮಾತ್ರ ಕಷ್ಟ. ತುದಿಗಳು ಬೇರೆ ಬೇರೆಯಾಗುತ್ತವೆ. ನೋಡಿಕೊಳ್ಳೋಕೆ ಎದುರಿಗೆ ಏನೂ ಉಳಿದಿರುವುದಿಲ್ಲ.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಡಿಎನ್‌ಎಯ ಎರಡೂ ಎಳೆ ತುಂಡಾದ ಕೆಲವೇ ನಿಮಿಷದಲ್ಲಿ ಎಂಆರ್‌ಎನ್ ಎಂಬ ಪ್ರೋಟೀನುಗಳ ಗುಂಪು ಬಂದು ಆ ತುದಿಯನ್ನು ಹಿಡಿದುಕೊಳ್ಳುತ್ತದೆ. ಅದು ಎಟಿಎಂ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ಎಟಿಎಂ ಸುಮ್ನೆ ಇದ್ದಾಗ ಎರಡೆರಡು ಜೋಡಿಯಾಗಿ ಅಂಟಿಕೊಂಡಿರುತ್ತದೆ. ಗಾಯದ ಸುದ್ದಿ ಸಿಕ್ಕ ತಕ್ಷಣ ಜೋಡಿ ಬಿಟ್ಟು ಕೆಲಸಕ್ಕೆ ಇಳಿಯುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಉಂಡೆಗಳಲ್ಲಿ ಎಚ್2ಎಎಕ್ಸ್ ಅಂತ ಒಂದಿದೆ. ಗಾಯದ ಎರಡೂ ಬದಿಯಲ್ಲಿ ಲಕ್ಷಗಟ್ಟಲೆ ಅಕ್ಷರದಷ್ಟು ದೂರದವರೆಗೆ ಆ ಉಂಡೆಗಳಿಗೆ ಎಟಿಎಂ ಫಾಸ್ಫೇಟಿನ ಗುರುತು ಹಾಕುತ್ತಾ ಹೋಗುತ್ತದೆ. ಇಲ್ಲಿ ಗಾಯ ಇದೆ, ಬನ್ನಿ ಅಂತ. ಈ ಗುರುತನ್ನು 1998ರಲ್ಲಿ ಅಮೆರಿಕದಲ್ಲಿ ವಿಲಿಯಂ ಬಾನರ್ ಅವರ ತಂಡ ಕಂಡುಹಿಡಿಯಿತು.

ಆ ಗುರುತಿಗೆ ಹಸಿರು ಬಣ್ಣ ಅಂಟಿಸಿದರೆ ಮೈಕ್ರೋಸ್ಕೋಪಿನಲ್ಲಿ ಒಂದೊಂದು ಗಾಯವೂ ಒಂದೊಂದು ಚುಕ್ಕೆಯಾಗಿ ಕಾಣುತ್ತದೆ. ಡಿಎನ್‌ಎ ಇರುವ ಕೋಶಕೇಂದ್ರ ನೀಲಿ, ಅದರೊಳಗೆ ಹಸಿರು ಚುಕ್ಕೆಗಳು. ಕಿರಣ ಕೊಡುವ ಮುಂಚೆ ನೋಡಿದರೆ ಒಂದೋ ಎರಡೋ ಇರುತ್ತದೆ. ಕೊಟ್ಟು ಅರ್ಧ ಗಂಟೆಗೆ ನೋಡಿದರೆ ತುಂಬಿಹೋಗಿರುತ್ತದೆ. ನಾನು ಒಂದು ರಾತ್ರಿಗೆ ಇನ್ನೂರು ಕೋಶಗಳ ಚುಕ್ಕೆ ಎಣಿಸಿದ್ದೇನೆ. ಕಿರಣ ಕೊಟ್ಟು ಆರು ಗಂಟೆ ಆದ ಕೋಶಗಳ ತಟ್ಟೆ ತೆಗೆದು ನೋಡಿದರೆ ಬಹುಪಾಲು ಚುಕ್ಕೆ ಆರಿರುತ್ತವೆ. ಮಾರನೇ ದಿನದ ತಟ್ಟೆಯಲ್ಲಿ, ಒಳ್ಳೆಯ ಕೋಶ ಆದರೆ, ಮತ್ತೆ ಒಂದೋ ಎರಡೋ.

ಮೊದಲ ಸಲ ಆ ಮಾರನೇ ದಿನದ ತಟ್ಟೆ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಎರಡೂ ಎಳೆ ತುಂಡಾದ ಎಪ್ಪತ್ತು ಜಾಗ. ಯಾರೂ ಹೇಳಿಕೊಡದೆ, ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು ಜಾಗದೊಳಗೆ, ಒಂದು ದಿನದಲ್ಲಿ ರಿಪೇರಿ. ನಿಮ್ಮ ಅಮ್ಮ ರೂಮಿಗೆ ಬಂದು ಊಟ ಮಾಡಿ ಮಲಗುವ ಹೊತ್ತಿಗೆ ಅವರ ಒಳ್ಳೆಯ ಕೋಶಗಳಲ್ಲಿ ನಡೆಯುವುದು ಈ ಕೆಲಸವೇ.

ರಿಪೇರಿಗೆ ಎರಡು ದಾರಿ ಇದೆ. ಒಂದು, ತುದಿಗಳನ್ನು ಹಿಡಿದು ನೇರವಾಗಿ ಗಂಟು ಹಾಕುವುದು. ಕು ಎಂಬ ಜೋಡಿ ಪ್ರೋಟೀನು ತುದಿಗೆ ಉಂಗುರದ ಹಾಗೆ ತೊಟ್ಟುಕೊಳ್ಳುತ್ತದೆ, ಕೊನೆಗೆ ಲೈಗೇಸ್ 4 ಅಂಟಿಸುತ್ತದೆ. ಬೇಗ ಆಗುತ್ತದೆ. ಒಂದೆರಡು ಅಕ್ಷರ ಬಿಟ್ಟುಹೋಗಬಹುದು. ಇನ್ನೊಂದು, ಅದೇ ಡಿಎನ್‌ಎಯ ಇನ್ನೊಂದು ಪ್ರತಿ ನೋಡಿಕೊಂಡು ಸರಿಯಾಗಿ ಮತ್ತೆ ಬರೆಯುವುದು. ಬಿಆರ್‌ಸಿಎ1, ಬಿಆರ್‌ಸಿಎ2 ಅಂತ ಹೆಸರು ಕೇಳಿರಬಹುದು, ಸ್ತನ ಕ್ಯಾನ್ಸರ್ ವಿಷಯ ಬಂದಾಗ. ಅವು ಈ ಎರಡನೇ ದಾರಿಯ ಕೆಲಸಗಾರರು. ಆದರೆ ಕೋಶ ಒಡೆದು ಎರಡಾಗೋಕೆ ತಯಾರಾಗಿ ಡಿಎನ್‌ಎಯ ಎರಡನೇ ಪ್ರತಿ ಮಾಡಿಕೊಂಡಿದ್ದರೆ ಮಾತ್ರ ಈ ದಾರಿ ತೆರೆದಿರುತ್ತದೆ.

ಈ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಹುಟ್ಟಿನಿಂದಲೇ ಎಟಿಎಂ ಕೆಲಸ ಮಾಡದ ಮಕ್ಕಳಿರುತ್ತಾರೆ. ತುಂಬಾ ಅಪರೂಪ. ಅವರಿಗೆ ನಡೆಯುವಾಗ ತೂಕ ತಪ್ಪುತ್ತದೆ, ಕಣ್ಣಿನ ಬಿಳಿಯಲ್ಲಿ ಕೆಂಪು ನರ ಎದ್ದು ಕಾಣುತ್ತದೆ. ಅಂಥ ಮಕ್ಕಳಿಗೆ ಕ್ಯಾನ್ಸರ್ ಬಂದಾಗ, ಬೇರೆಯವರು ತಡೆದುಕೊಳ್ಳುವ ಡೋಸನ್ನೇ ಕೊಟ್ಟರೂ ಮೈ ಬೆಂದುಹೋದ ಹಾಗಾಯಿತು. ಇದನ್ನು 1960ರ ದಶಕದಲ್ಲೇ ಡಾಕ್ಟರುಗಳು ಗಮನಿಸಿದ್ದರು. ಕಾರಣವಾದ ಜೀನು ಸಿಕ್ಕಿದ್ದು 1995ರಲ್ಲಿ, ಟೆಲ್ ಅವೀವಿನ ಯೋಸೆಫ್ ಶಿಲೋ ಅವರ ತಂಡಕ್ಕೆ. ಕಿರಣ ಅದೇ, ಡೋಸು ಅದೇ. ರಿಪೇರಿಯವರು ಇರಲಿಲ್ಲ, ಅಷ್ಟೇ.

ಕ್ಯಾನ್ಸರ್ ಕೋಶದಲ್ಲಿ ಬೇರೆ ಏನಾಗುತ್ತದೆ ಅನ್ನುವುದನ್ನು ಸಂಜೆ ಬರೆಯುತ್ತೇನೆ. ಲ್ಯಾಬಿಗೆ ಹೊತ್ತಾಯಿತು.


ಮಂಡ್ಯದ ಅತ್ತೆ (ಬುಧವಾರ ಮಧ್ಯಾಹ್ನ)

ತಾಯಿ, ನನಗೂ ಇದೇ ಕಾಯಿಲೆ ಆಗಿತ್ತು. ಕರೆಂಟ್ ಮುಗಿದು ನಾಲ್ಕು ವರ್ಷ ಆಯಿತು. ಈಗ ಗದ್ದೆ ಕೆಲಸಕ್ಕೂ ಹೋಗುತ್ತೇನೆ. ಅಮ್ಮನಿಗೆ ಹೇಳು.

ಭೇದಿ ನನಗೂ ಎರಡನೇ ವಾರ ಮುಗಿಯುವಾಗಲೇ ಶುರುವಾಗಿದ್ದು. ಮುಚ್ಚಿಟ್ಟುಕೊಳ್ಳಬೇಡಿ, ನರ್ಸಿಗೆ ದಿನಾ ಎಷ್ಟು ಸಲ ಆಯಿತು ಅಂತ ಹೇಳಿ. ನನಗೆ ಮಾತ್ರೆ ಕೊಟ್ಟರು, ಓಆರ್‌ಎಸ್ ಕುಡಿಸಿದರು. ಹಾಲು ಬಿಟ್ಟೆ. ಗಂಜಿ, ಮೆತ್ತಗಿನ ಅನ್ನ, ತೆಳು ಮಜ್ಜಿಗೆ ಸೇರುತ್ತಿತ್ತು. ಸೊಪ್ಪು, ಕಾಳು, ಖಾರ ಆ ಒಂದು ತಿಂಗಳು ಬೇಡ.

ಇನ್ನೊಂದು, ನೀರು. ನಮಗೆ ಕರೆಂಟಿಗೆ ಮುಂಚೆ ಅರ್ಧ ಲೀಟರ್ ನೀರು ಕುಡಿದು ಮೂತ್ರ ಮಾಡದೆ ಕೂತಿರಿ ಅನ್ನುತ್ತಿದ್ದರು. ನನ್ನ ಪಕ್ಕದಲ್ಲಿದ್ದವರು ಕಷ್ಟ ಅಂತ ಕುಡಿಯದೆ ಕುಡಿದೆ ಅಂದುಬಿಡುತ್ತಿದ್ದರು. ಹಾಗೆ ಮಾಡಬೇಡಿ. ಮೂತ್ರಕೋಶ ತುಂಬಿದ್ದರೆ ಕರುಳು ಮೇಲೆ ಸರಿದುಕೊಳ್ಳುತ್ತದಂತೆ, ಕಿರಣದ ದಾರಿಯಿಂದ ತಪ್ಪುತ್ತದಂತೆ. ಹೊಟ್ಟೆ ಮೇಲೆ ಹಾಕಿದ ಶಾಯಿ ಗೆರೆ ಅಳಿಸಿಹೋಗದ ಹಾಗೆ ಸ್ನಾನ ಮಾಡಿಸು. ಆ ಜಾಗಕ್ಕೆ ಸೋಪು ಉಜ್ಜಬೇಡ.

ಮೊಮ್ಮಗಳನ್ನು ದೂರ ಇಡು ಅಂದವರ ಮಾತು ಕೇಳಬೇಡ. ನನ್ನ ಮನೆಯಲ್ಲೂ ನನಗೆ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಕಾಯಿಲೆಗಿಂತ ಅದು ಜಾಸ್ತಿ ನೋಯಿಸಿತು.


ಡೋಸ್ ಲೆಕ್ಕ (ಬುಧವಾರ ಸಂಜೆ)

ನಾನು ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಮೆಡಿಕಲ್ ಫಿಸಿಸಿಸ್ಟ್. ಮೇಲಿನ ಮೇಡಂ ಕೋಶದ ಕಥೆ ಚೆನ್ನಾಗಿ ಹೇಳಿದ್ದಾರೆ. ನಿಮ್ಮ ಅಮ್ಮನ ಪ್ರಶ್ನೆಗೆ ನಾನು ಸೇರಿಸುತ್ತೇನೆ.

ಒಂದೇ ಸಲ ಕೊಡಬಾರದಾ ಅನ್ನುವ ಪ್ರಶ್ನೆ ಹಳೆಯದು. ನೂರು ವರ್ಷದ ಹಿಂದೆ ತುಂಬಾ ಕಡೆ ಹಾಗೆಯೇ ಕೊಡುತ್ತಿದ್ದರು. ಪ್ಯಾರಿಸಿನಲ್ಲಿ ಕ್ಲಾಡಿಯಸ್ ರೆಗೋ ಎಂಬವರು 1920ರ ದಶಕದಲ್ಲಿ ಟಗರುಗಳ ಮೇಲೆ ಪರೀಕ್ಷೆ ಮಾಡಿದರು. ಟಗರಿನ ವೃಷಣಕ್ಕೆ ಒಂದೇ ಸಲ ಕಿರಣ ಕೊಟ್ಟು ವೀರ್ಯಾಣು ಹುಟ್ಟುವುದನ್ನು ನಿಲ್ಲಿಸಲು ಹೋದರೆ ಮೇಲಿನ ಚರ್ಮವೆಲ್ಲ ಕೊಳೆಯುತ್ತಿತ್ತು. ಅದನ್ನೇ ಹಲವು ದಿನಕ್ಕೆ ಹಂಚಿ ಕೊಟ್ಟಾಗ ವೀರ್ಯಾಣು ಹುಟ್ಟುವುದು ನಿಂತಿತು, ಚರ್ಮ ಉಳಿಯಿತು. ಬೇಗ ಬೇಗ ಒಡೆಯುವ ವೃಷಣದ ಕೋಶ ಕ್ಯಾನ್ಸರಿನ ಹಾಗೆ, ಚರ್ಮ ಸುತ್ತಲಿನ ಒಳ್ಳೆಯ ಭಾಗದ ಹಾಗೆ ಅಂತ ಅವರು ಯೋಚಿಸಿದರು. ನಿಮ್ಮ ಅಮ್ಮನಿಗೆ ನಡೆಯುತ್ತಿರುವ 25 ಸಲದ ಚಿಕಿತ್ಸೆಯ ಬೇರು ಆ ಟಗರುಗಳಲ್ಲಿದೆ.

ಕಾರಣ ಗೊತ್ತಾಗಿದ್ದು ಆಮೇಲೆ. 1959ರಲ್ಲಿ ಎಲ್ಕಿಂಡ್ ಮತ್ತು ಸಟನ್ ಹ್ಯಾಮ್‌ಸ್ಟರ್ ಕೋಶಗಳಿಗೆ ಒಂದೇ ಡೋಸನ್ನು ಎರಡು ಪಾಲು ಮಾಡಿ, ನಡುವೆ ಕೆಲವು ಗಂಟೆ ಬಿಟ್ಟು ಕೊಟ್ಟು ನೋಡಿದರು. ಒಟ್ಟಿಗೆ ಕೊಟ್ಟಾಗ ಉಳಿದದ್ದಕ್ಕಿಂತ ಜಾಸ್ತಿ ಕೋಶ ಬದುಕಿದವು. ನಡುವಿನ ಆ ಗಂಟೆಗಳಲ್ಲಿ ಕೋಶ ಸುಧಾರಿಸಿಕೊಂಡಿತ್ತು. ಅದಕ್ಕೇ ನಾವು ಯಾವತ್ತೂ ಎರಡು ಡೋಸಿನ ನಡುವೆ ಕನಿಷ್ಠ ಆರು ಗಂಟೆ ಇಟ್ಟುಕೊಳ್ಳುತ್ತೇವೆ.

ಈಗ ನೀವು ಮೆಷಿನ್ ಕೆಟ್ಟ ಎರಡು ದಿನದ ಬಗ್ಗೆ ಕೇಳಿದ್ದು. ಗಾಬರಿ ಬೇಡ, ಆದರೆ ಸುಮ್ನೆ ಬಿಡಲೂಬೇಡಿ. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಹೊರಗಿನ ಕಿರಣ, ಒಳಗಿನ ಕಿರಣ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಉಳಿದ ಕ್ಯಾನ್ಸರ್ ಕೋಶಗಳು ಕೆಲವು ವಾರ ಆದ ಮೇಲೆ ಮೊದಲಿಗಿಂತ ವೇಗವಾಗಿ ಒಡೆಯೋಕೆ ಶುರುಮಾಡುತ್ತವೆ. ನಾವು ನಿಧಾನ ಮಾಡಿದಷ್ಟೂ ಅವು ಮುಂದೆ ಹೋಗುತ್ತವೆ. ಹೋದ ಎರಡು ದಿನವನ್ನು ಶನಿವಾರ ಕೊಟ್ಟು ಸರಿದೂಗಿಸಬಹುದು. ಒಂದೇ ದಿನ ಬೆಳಿಗ್ಗೆ ಸಂಜೆ ಕೊಟ್ಟೂ ಮಾಡಬಹುದು, ನಡುವೆ ಆ ಆರು ಗಂಟೆ ಇರಲೇಬೇಕು. ನಾಳೆ ಡಾಕ್ಟರನ್ನು ನೇರವಾಗಿ ಕೇಳಿ. "ಎರಡು ದಿನ ತಪ್ಪಿತ್ತಲ್ಲ, ಎಂಟು ವಾರದೊಳಗೆ ಎಲ್ಲ ಮುಗಿಯುತ್ತದಾ?" ಇದು ಕೇಳಬೇಕಾದ ಪ್ರಶ್ನೆಯೇ. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಕೇಳಿ.


ಚಳ್ಳಕೆರೆ ಹುಡುಗಿ (ಬುಧವಾರ ರಾತ್ರಿ)

ಮೂವರಿಗೂ ಎಷ್ಟು ಹೇಳಿದರೂ ಕಡಿಮೆ. ಖಣ ಅಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಹಸಿರು ಚುಕ್ಕೆ ಅನ್ನುವಾಗ ಎದ್ದು ಕೂತಳು. ಮಗಳು ಅವಳ ಪಕ್ಕವೇ ಮಲಗಿದ್ದಾಳೆ ಈಗ.

ಒಂದು ಅನುಮಾನ. ಒಳ್ಳೆಯ ಕೋಶ ಒಂದು ದಿನದಲ್ಲಿ ರಿಪೇರಿ ಮಾಡಿಕೊಳ್ಳುತ್ತದೆ ಅಂದರೆ ಕ್ಯಾನ್ಸರ್ ಕೋಶವೂ ಮಾಡಿಕೊಳ್ಳುತ್ತದಲ್ಲ? ಹಾಗಾದರೆ ಅದು ಸಾಯೋದು ಹೇಗೆ?

ಮತ್ತೆ, ಶಕ್ತಿ ಬರಲಿ ಅಂತ ನಮ್ಮ ಚಿಕ್ಕಪ್ಪ ಆಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದಾರೆ. ಕೊಡಬಹುದಾ?


ಗುಳೇದಗುಡ್ಡದ ಖಣ (ಬುಧವಾರ ತಡರಾತ್ರಿ)

ಡಬ್ಬಿ ಸದ್ಯಕ್ಕೆ ಮುಚ್ಚಿಡಿ. ಬೆಳಿಗ್ಗೆ ಹೇಳಿದ ರ್‍ಯಾಡಿಕಲ್ ನೆನಪಿದೆಯಾ? ಆ ಮಾತ್ರೆಗಳ ಕೆಲಸವೇ ಅಂಥ ರ್‍ಯಾಡಿಕಲ್‌ಗಳನ್ನು ಹಿಡಿದು ಹಾಕುವುದು. ಗಡ್ಡೆಯೊಳಗೂ ಅವು ಅದೇ ಕೆಲಸ ಮಾಡಿದರೆ ನಮಗೇ ನಷ್ಟ. ಹಣ್ಣು, ಊಟ ಬೇರೆ ಮಾತು. ಮಾತ್ರೆ ರೂಪದಲ್ಲಿ ಜಾಸ್ತಿ ಡೋಸ್ ಡಾಕ್ಟರನ್ನು ಕೇಳದೆ ಬೇಡ. ಚಿಕ್ಕಪ್ಪನ ಪ್ರೀತಿ ದೊಡ್ಡದು, ಚಿಕಿತ್ಸೆ ಮುಗಿದ ಮೇಲೆ ಕೇಳಿ ನೋಡೋಣ ಅನ್ನಿ.

ಈಗ ನಿಮ್ಮ ಪ್ರಶ್ನೆ. ತುಂಬಾ ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀರಿ.

ಗಾಯ ಕಂಡ ಎಟಿಎಂ ಗುರುತು ಹಾಕಿ ಸುಮ್ಮನಾಗುವುದಿಲ್ಲ. ಪಿ53 ಎಂಬ ಇನ್ನೊಂದು ಪ್ರೋಟೀನಿಗೂ ಸುದ್ದಿ ಮುಟ್ಟಿಸುತ್ತದೆ. ಮಾಮೂಲಿ ದಿನಗಳಲ್ಲಿ ಕೋಶ ಪಿ53 ತಯಾರಿಸುತ್ತಲೇ ಇರುತ್ತದೆ, ಎಂಡಿಎಂ2 ಎಂಬುದು ಅದನ್ನು ಅಷ್ಟೇ ಬೇಗ ನಾಶ ಮಾಡುತ್ತಲೇ ಇರುತ್ತದೆ. ಗಾಯ ಆದಾಗ ಎಟಿಎಂ ಈ ನಾಶವನ್ನು ನಿಲ್ಲಿಸುತ್ತದೆ. ಪಿ53 ಕೋಶದ ತುಂಬ ಏರುತ್ತದೆ. ಏರಿ ಮೊದಲು ಹೇಳುವುದು ಒಂದೇ ಮಾತು: ನಿಲ್ಲು. ಒಡೆದು ಎರಡಾಗಬೇಡ, ಮೊದಲು ರಿಪೇರಿ. ಪಿ21 ಎಂಬ ಬ್ರೇಕನ್ನು ಅದು ಒತ್ತುತ್ತದೆ. ರಿಪೇರಿ ಆಗದಷ್ಟು ಗಾಯ ಇದ್ದರೆ ಕೆಲವು ಕೋಶಗಳಿಗೆ ಸಾಯಿ ಅನ್ನುತ್ತದೆ. ರಕ್ತದ ಲಿಂಫೋಸೈಟ್ ಬಿಳಿ ಕಣಗಳು ಈ ಮಾತು ಕೇಳಿ ಕೆಲವೇ ಗಂಟೆಯಲ್ಲಿ ಸಾಯುತ್ತವೆ. ಅಮ್ಮನಿಗೆ ಪದೇ ಪದೇ ರಕ್ತಪರೀಕ್ಷೆ ಮಾಡಿಸುವುದಕ್ಕೆ ಅದೂ ಒಂದು ಕಾರಣ. ಸಿಸ್‌ಪ್ಲಾಟಿನ್ನಿಂದಲೂ ಕಣಗಳು ಇಳಿಯುತ್ತವೆ.

ಈಗ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕೋಶಕ್ಕೆ ಬನ್ನಿ. ಈ ಕ್ಯಾನ್ಸರ್ ಹೆಚ್ಚುಕಮ್ಮಿ ಯಾವಾಗಲೂ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವುದು. ಆ ವೈರಸ್ ಇ6 ಎಂಬ ಒಂದು ಪ್ರೋಟೀನು ಮಾಡುತ್ತದೆ. ಅದು ಪಿ53ಯನ್ನು ಹುಡುಕಿ ಹುಡುಕಿ ನಾಶ ಮಾಡಿಸುತ್ತದೆ. ಅಂದರೆ ಆ ಕೋಶದಲ್ಲಿ ನಿಲ್ಲು ಅನ್ನುವವರೇ ಇಲ್ಲ. ಹಾಗಾಗಿಯೇ ಅದು ಕ್ಯಾನ್ಸರ್ ಆಗಿದ್ದು, ಮಿತಿ ಇಲ್ಲದೆ ಬೆಳೆದದ್ದು. ಕಿರಣ ಬಿದ್ದಾಗ ಅದೇ ಅದಕ್ಕೆ ಮುಳುವಾಗುತ್ತದೆ.

ಕ್ಯಾನ್ಸರ್ ಕೋಶವೂ ರಿಪೇರಿ ಮಾಡುತ್ತದೆ, ನೀವು ಹೇಳಿದ್ದು ನಿಜ. ಆದರೆ ಬ್ರೇಕ್ ಸರಿ ಇಲ್ಲ. ಕೋಶ ಒಡೆಯುವ ಸ್ವಲ್ಪ ಮುಂಚೆ ಇನ್ನೊಂದು ತಡೆ ಇದೆ, ಅದು ಪಿ53 ಇಲ್ಲದೆಯೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಪೂರ್ತಿ ಹಿಡಿಯುವುದಿಲ್ಲ. ಗಂಟು ಬೀಳದ ಎಳೆಗಳನ್ನೂ, ತಪ್ಪಾಗಿ ಬಿದ್ದ ಗಂಟುಗಳನ್ನೂ ಹೊತ್ತುಕೊಂಡೇ ಕೋಶ ಒಡೆಯೋಕೆ ಹೋಗುತ್ತದೆ. ಡಿಎನ್‌ಎ ಸುತ್ತಿಟ್ಟ ಕಟ್ಟುಗಳಿಗೆ ಕ್ರೋಮೋಸೋಮ್ ಅನ್ನುತ್ತಾರೆ; ಒಂದು ಕ್ರೋಮೋಸೋಮಿನ ತುದಿಗೆ ಇನ್ನೊಂದರ ತುದಿ ಅಂಟಿಕೊಂಡಿರುತ್ತದೆ. ಎರಡು ಕಡೆಯಿಂದ ಎಳೆದಾಗ ಅದು ನಡುವೆ ಹಗ್ಗದ ಹಾಗೆ ಬಿಗಿದು ಹರಿಯುತ್ತದೆ. ಕೆಲವು ಚೂರುಗಳು ಎರಡೂ ಮರಿಕೋಶಕ್ಕೆ ಸೇರದೆ ಹೊರಗೇ ಉಳಿಯುತ್ತವೆ. ಇಂಥ ಕೋಶ ಆ ಒಡೆತದಲ್ಲೋ, ಇನ್ನೊಂದೆರಡು ಒಡೆತದ ಮೇಲೋ ಸಾಯುತ್ತದೆ.

ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ, ಯಾಕೆಂದರೆ ಮುಂದೆ ಬೇಕಾಗುತ್ತದೆ. ಕಿರಣ ಬಿದ್ದ ದಿನವೇ ಗಡ್ಡೆ ಕರಗುವುದಿಲ್ಲ. ಕೋಶ ಒಡೆಯೋಕೆ ಹೋದಾಗ ಸಾಯುವುದು. ಹಾಗಾಗಿ ಚಿಕಿತ್ಸೆ ಮುಗಿದ ಮೇಲೂ ವಾರಗಟ್ಟಲೆ ಗಡ್ಡೆ ಸಣ್ಣದಾಗುತ್ತಾ ಹೋಗುತ್ತದೆ. ಫಲ ನೋಡುವ ಸ್ಕ್ಯಾನನ್ನು ಡಾಕ್ಟರುಗಳು ಎಷ್ಟೋ ಸಲ ಮೂರು ತಿಂಗಳು ಬಿಟ್ಟು ಮಾಡಿಸುವುದು ಅದಕ್ಕೇ. ನಡುವೆ ಯಾರಾದರೂ ಇನ್ನೂ ಹೋಗಿಲ್ವಾ ಅಂದರೆ ಎದೆಗುಂದಬೇಡಿ.

ಭೇದಿಗೂ ಕಾರಣ ಇದೇ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಅಲ್ಲಿ ಬೇಗ ಬೇಗ ಒಡೆಯುವ ಕೋಶ ಇರುವುದರಿಂದ ಪೆಟ್ಟು ಬೇಗ ಕಾಣುತ್ತದೆ. ಆದರೆ ಅಲ್ಲಿ ಪಿ53 ಇದೆ, ಬ್ರೇಕ್ ಇದೆ. ಚಿಕಿತ್ಸೆ ನಿಂತ ಮೇಲೆ ಉಳಿದ ಕೋಶಗಳು ಪದರವನ್ನು ಮತ್ತೆ ಕಟ್ಟುತ್ತವೆ.

ಒಂದು ಲೆಕ್ಕ ಹೇಳುತ್ತೇನೆ. ದಿನಕ್ಕೆ ಕ್ಯಾನ್ಸರ್ ಕೋಶಗಳಲ್ಲಿ ಅರ್ಧ ಸಾಯುತ್ತವೆ ಅಂದುಕೊಳ್ಳಿ. 25 ದಿನ ಅರ್ಧ ಅರ್ಧ ಮಾಡುತ್ತಾ ಹೋದರೆ ಸುಮಾರು 3 ಕೋಟಿ 35 ಲಕ್ಷಕ್ಕೆ ಒಂದು ಉಳಿಯುತ್ತದೆ. ಒಂದು ಸಕ್ಕರೆ ಗಡ್ಡೆಯಷ್ಟು, ಅಂದರೆ ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶ. 25 ಮುಗಿದರೂ ಅಷ್ಟರಲ್ಲಿ ಮೂವತ್ತು ಉಳಿದಿರಬಹುದು. ಅದಕ್ಕೇ ಬ್ರಾಕಿಥೆರಪಿ ಬೇಕೇ ಬೇಕು. 25 ಆಯಿತು, ಆರಾಮಾಗಿದ್ದೇನೆ, ಊರಿಗೆ ಹೋಗೋಣ ಅಂತ ಅಮ್ಮ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಸಿಸ್‌ಪ್ಲಾಟಿನ್ ಯಾಕೆ ಅಂತಲೂ ಈಗ ಗೊತ್ತಾಗುತ್ತದೆ. ಅದು ಡಿಎನ್‌ಎಯ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿ ರಿಪೇರಿಗೆ ಅಡ್ಡ ಹಾಕುತ್ತದೆ. ಕಿರಣದ ಜೊತೆ ಅದನ್ನು ಕೊಟ್ಟರೆ ಹೆಚ್ಚು ಜನ ಬದುಕುತ್ತಾರೆ ಅನ್ನುವುದು 1999ರಲ್ಲಿ ಹೊರಬಂದ ದೊಡ್ಡ ಪರೀಕ್ಷೆಗಳಲ್ಲಿ ಗೊತ್ತಾಯಿತು. ರಿಪೇರಿಯನ್ನೇ ನೇರವಾಗಿ ತಡೆಯುವ ಔಷಧಿ ಹುಡುಕುವ ಕೆಲಸ ಬೇರೆ ನಡೆದಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ತಂಡ 2012ರಲ್ಲಿ ಎಸ್‌ಸಿಆರ್7 ಎಂಬ ವಸ್ತುವನ್ನು ವರದಿ ಮಾಡಿತು. ಮೇಲೆ ಹೇಳಿದ ಲೈಗೇಸ್ 4ರ ಕೆಲಸವನ್ನು ತಡೆಯಲೆಂದು ಮಾಡಿದ್ದು. ಅದು ಲ್ಯಾಬಿನ ಮಾತು, ಆಸ್ಪತ್ರೆಯಲ್ಲಿ ಕೇಳಬೇಡಿ. ನಿಮ್ಮ ರೂಮಿಂದ ಬಸ್ಸಿನ ದೂರದಲ್ಲಿ ಈ ಕೆಲಸ ನಡೆಯುತ್ತಿದೆ ಅಂತ ಹೇಳಬೇಕು ಅನ್ನಿಸಿತು.

ಹಿಮೋಗ್ಲೋಬಿನ್ ಎಷ್ಟಿದೆ? ಕಡಿಮೆ ಇದ್ದರೆ ರಕ್ತ ಹಾಕಿಸಿ ಅನ್ನಬಹುದು, ಹಿಂದೇಟು ಹಾಕಬೇಡಿ. ರ್‍ಯಾಡಿಕಲ್ ಕಚ್ಚಿದ ಜಾಗಕ್ಕೆ ರಕ್ತ ಹೊತ್ತು ತರುವ ಆಮ್ಲಜನಕ ಬಂದು ಕೂತರೆ ಗಾಯ ವಾಸಿಯಾಗದ ಹಾಗೆ ಉಳಿದುಬಿಡುತ್ತದೆ. ಆಮ್ಲಜನಕ ಇಲ್ಲದ ಕೋಶ ಸಾಯಬೇಕಾದರೆ ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕಾಗುತ್ತದೆ.


ಡೋಸ್ ಲೆಕ್ಕ (ಗುರುವಾರ ಬೆಳಿಗ್ಗೆ)

ಮೇಡಂ ಲೆಕ್ಕಕ್ಕೆ ಒಂದು ತಿದ್ದುಪಡಿ. ದಿನಾ ಸರಿಯಾಗಿ ಅರ್ಧ ಅನ್ನುವುದು ತಿಳಿಯಲಿ ಅಂತ ಹೇಳಿದ್ದು. ಒಂದು ಗಡ್ಡೆಯಲ್ಲಿ ಮೂರನೇ ಒಂದು ಪಾಲು ಮಾತ್ರ ಉಳಿಯಬಹುದು, ಇನ್ನೊಂದರಲ್ಲಿ ಮೂರನೇ ಎರಡು ಪಾಲು ಉಳಿಯಬಹುದು. ನಡುವೆ ಅವು ಮತ್ತೆ ಹುಟ್ಟುತ್ತಲೂ ಇರುತ್ತವೆ. ಆ ಮೂವತ್ತು ಅನ್ನುವ ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಂಡು ಕೊರಗಬೇಡಿ. ಬ್ರಾಕಿಥೆರಪಿ ಬಿಡಬಾರದು ಅನ್ನುವುದು ಮಾತ್ರ ನೂರಕ್ಕೆ ನೂರು ಸರಿ.


ಗುಳೇದಗುಡ್ಡದ ಖಣ (ಗುರುವಾರ ಬೆಳಿಗ್ಗೆ)

ಒಪ್ಪಿದೆ ಸರ್. ಆ ಸಂಖ್ಯೆ ಬರೆಯುವಾಗ ನಾನೇ ಇನ್ನೊಂದು ಸಾಲು ಸೇರಿಸಬೇಕಿತ್ತು.


ಚಳ್ಳಕೆರೆ ಹುಡುಗಿ (ಶುಕ್ರವಾರ ರಾತ್ರಿ)

ಇವತ್ತಿಗೆ 14 ಮುಗಿಯಿತು. ಎರಡು ದಿನದ ವಿಷಯ ಡಾಕ್ಟರನ್ನು ಕೇಳಿದೆ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ಕ್ಯಾಲೆಂಡರ್ ತೆಗೆದು ಎಣಿಸಿ ತೋರಿಸಿದರು. ಎರಡು ಶನಿವಾರ ಕೊಟ್ಟು ಸರಿಮಾಡುತ್ತಾರಂತೆ. ಹಿಮೋಗ್ಲೋಬಿನ್ 8.9 ಇದೆ. ನಿನ್ನೆ ಒಂದು ಬಾಟಲಿ ರಕ್ತ ಹಾಕಿದರು, ತಮ್ಮ ಬಂದು ಬ್ಲಡ್ ಬ್ಯಾಂಕಿನಲ್ಲಿ ರಕ್ತ ಕೊಟ್ಟು ಹೋದ. ಭೇದಿಗೆ ಮಾತ್ರೆ ಶುರುವಾಗಿದೆ, ಎಂಟು ಸಲದಿಂದ ನಾಲ್ಕಕ್ಕೆ ಇಳಿದಿದೆ. ಮಂಡ್ಯದ ಅತ್ತೆ ಹೇಳಿದ ತೆಳು ಮಜ್ಜಿಗೆ ಹಿಡಿಸಿದೆ.

ಅಮ್ಮನದು ಬೆಳಿಗ್ಗೆ ಹನ್ನೊಂದೂವರೆಗೆ ಆಗುತ್ತದೆ. ಇವತ್ತು ಸಂಜೆ ಐದೂವರೆಗೆ ಟೀ ಕೊಟ್ಟಾಗ ಗಡಿಯಾರ ನೋಡಿದಳು. "ಆರು ತಾಸಾಯ್ತು. ಈಗ ಚುಕ್ಕೆ ಎಲ್ಲ ಆರಿರಬೇಕು ಅಲ್ವಾ, ಒಳ್ಳೇವು?" ಅಂದಳು. ಬಹುಪಾಲು ಆರಿರುತ್ತವೆ ಅಂದೆ. ಶೇಂಗಾ ಮಾತು ಎತ್ತಲಿಲ್ಲ. ನಾಳೆ ಶನಿವಾರ 15ನೇದು, ಬೇಗ ಬರೋಕೆ ಹೇಳಿದ್ದಾರೆ.